ತಕ್ಕಡಿ ಅಳಲ್ಲ, ಕೂಸು ಅಳ್ತದ

ಎಂ.ಫಾರ್ಮ್ (ಔಷಧ ತಯಾರಿಕೆಯ ಸ್ನಾತಕೋತ್ತರ ಓದು) ಎರಡನೇ ವರ್ಷಕ್ಕೆ ಬಂದ ಕೂಡಲೇ ಎಲ್ಲರಿಗೂ ಥೀಸಿಸ್ ವಿಷಯದ್ದೇ ಚಿಂತೆ. ಹಿಂದಿನ ಬ್ಯಾಚಿನವರು ಒಂದು ಬಿಪಿ ಗುಳಿಗೆ ಮಾಡಿದ್ದರೆ ಈ ಬ್ಯಾಚಿನವರು ಇನ್ನೊಂದು ಬಿಪಿ ಗುಳಿಗೆ ಮಾಡುತ್ತಾರೆ. ಹಾಗೆ ಮಾಡಿದರೆ ಬೇಗ ಮುಗಿಯುತ್ತದೆ, ಸುಳ್ಳಲ್ಲ. ನಾನೂ ಅದೇ ದಾರಿಯಲ್ಲಿದ್ದೆ. ಆದರೆ ನಮ್ಮ ಗೈಡ್ ಸರ್ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದವರೇ ಮೈಕ್ರೋನೀಡಲ್ ಪ್ಯಾಚ್, ಅಂದರೆ ಸಣ್ಣ ಸಣ್ಣ ಸೂಜಿಗಳಿರುವ, ಚರ್ಮಕ್ಕೆ ಹಚ್ಚುವ ಪಟ್ಟಿ ಅಂತ ತಲೆಗೆ ಹಚ್ಚಿಕೊಂಡರು. "ಎಚ್‌ಐವಿ ಇರೋ ಮಕ್ಕಳಿಗೆ ದಿನಾ ಗುಳಿಗೆ ಬದಲು ವಾರಕ್ಕೊಂದು ಪ್ಯಾಚ್. ಮಾಡ್ತೀಯೇನು?" ಅಂದರು. ಹೂಂ ಅಂದುಬಿಟ್ಟೆ.

ಕಲಬುರಗಿಯಲ್ಲಿ ಕೂತು ಇದನ್ನು ಹೇಗೆ ಮಾಡಿದೆವು, ಎಲ್ಲಿ ಸಿಕ್ಕಿಕೊಂಡೆವು ಅನ್ನುವುದನ್ನು ಬರೆಯೋಣ ಅನ್ನಿಸಿತು. ಈ ದಾರಿಗೆ ಬರುವ ಜೂನಿಯರ್‌ಗಳು ಮೊದಲು ಕೇಳುವುದೇ "ನೋವಾಗಲ್ವಾ?" ಅಂತ. ನೋವಿನ ಲೆಕ್ಕ ಇಲ್ಲಿ ಬಹಳ ಸುಲಭದ್ದು. ಕಷ್ಟ ಇರುವುದು ಬೇರೆ ಕಡೆ.

ಮೊದಲು ಮದ್ದಿನ ವಿಷಯ. ನಮ್ಮ ದೇಶದಲ್ಲಿ ಸರ್ಕಾರ ಎಚ್‌ಐವಿ ಮದ್ದನ್ನು ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರಲ್ಲಿ. ಮಕ್ಕಳಿಗೆಂದೇ ಪ್ರತ್ಯೇಕ ಮದ್ದು ಬಂದಿದ್ದು 2006ರ ಕೊನೆಗೆ. ಆಗಿನಿಂದಲೂ ಮಕ್ಕಳ ಮದ್ದು ಅಂದರೆ ದೊಡ್ಡ ತಲೆನೋವು. ಲೋಪಿನಾವಿರ್–ರಿಟೊನಾವಿರ್ ಸಿರಪ್ ಇತ್ತಲ್ಲ, ಅದರಲ್ಲಿ ಶೇಕಡಾ 42ರಷ್ಟು ಆಲ್ಕೋಹಾಲ್. ವಿಪರೀತ ಕಹಿ ಬೇರೆ. ಬಾಯಿಗೆ ಹಾಕಿದ ಮದ್ದನ್ನು ಮಕ್ಕಳು ಉಗುಳಿದರೆ ಮತ್ತೆ ಕೊಡಬೇಕೋ ಬೇಡವೋ ಅನ್ನುವುದೇ ತಾಯಂದಿರಿಗೆ ತಿಳಿಯುತ್ತಿರಲಿಲ್ಲ. ಈಗ ಪರಿಸ್ಥಿತಿ ಸುಧಾರಿಸಿದೆ. ಡೊಲುಟೆಗ್ರಾವಿರ್ 10 ಮಿಲಿಗ್ರಾಂ ಗುಳಿಗೆ ನೀರಿನಲ್ಲಿ ಕರಗುತ್ತದೆ, ಸ್ಟ್ರಾಬೆರಿ ರುಚಿ ಇದೆ. 2020ರ ಕೊನೆಗೆ ಅದರ ಬೆಲೆ ಒಂದು ಮಗುವಿಗೆ ವರ್ಷಕ್ಕೆ 36 ಡಾಲರ್‌ಗಿಂತ ಕೆಳಗೆ ಇಳಿಯಿತು.

"ಹಂಗಾದ್ರ ನಿಮ್ಮ ಪ್ಯಾಚ್ ಯಾಕ ಬೇಕು?" ಅಂತ ಎಆರ್‌ಟಿ ಸೆಂಟರಿನ (ಎಚ್‌ಐವಿ ಮದ್ದು ಕೊಡುವ ಸರ್ಕಾರಿ ಕೇಂದ್ರ) ಕೌನ್ಸೆಲರ್ ಅಕ್ಕ ಮೊದಲ ಭೇಟಿಯಲ್ಲೇ ಕೇಳಿದರು. ನಾನು ಪುಸ್ತಕದ ಉತ್ತರ ಹೇಳಿದೆ. ಅವರು ನಕ್ಕು, "ರುಚಿ ಸರಿಯಾಯ್ತು, ತಂಗಿ. ದಿನಾ ಅನ್ನೋದು ಎಲ್ಲಿ ಹೋಯ್ತು?" ಅಂದರು. ಉತ್ತರ ಅವರ ಪ್ರಶ್ನೆಯಲ್ಲೇ ಇತ್ತು. ಐದು ವರ್ಷದ ಹುಡುಗನಿಗೆ ಗುಳಿಗೆ ಯಾಕೆ ಅಂತ ಗೊತ್ತಿರುವುದಿಲ್ಲ. ಹನ್ನೆರಡಕ್ಕೆ ಬಂದಾಗ ಪ್ರಶ್ನೆ ಕೇಳುತ್ತಾನೆ. ಹದಿನೈದಕ್ಕೆ ಸಿಟ್ಟಿನಲ್ಲಿ ಬಿಟ್ಟೇಬಿಡುತ್ತಾನೆ. ಬಿಟ್ಟರೆ ವೈರಸ್ ಮತ್ತೆ ಏಳುತ್ತದೆ. ಬಿಟ್ಟು ಬಿಟ್ಟು ತಗೊಂಡರೆ ಮದ್ದಿಗೇ ಬಗ್ಗದ ವೈರಸ್ ತಯಾರಾಗುತ್ತದೆ.

ದೊಡ್ಡವರಿಗೆ ಇದಕ್ಕೆ ಒಂದು ದಾರಿ ಆಗಲೇ ಸಿಕ್ಕಿದೆ. ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಅನ್ನುವ ಎರಡು ಮದ್ದುಗಳ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2021ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ. 2022ರಲ್ಲಿ 12 ವರ್ಷ ದಾಟಿದ, 35 ಕಿಲೋ ತೂಕದ ಮಕ್ಕಳಿಗೂ ಒಪ್ಪಿಗೆ ಬಂತು. ಆದರೆ ಇದು ಕುಂಡೆಯ ಸ್ನಾಯುವಿಗೆ ಕೊಡುವ ಇಂಜೆಕ್ಷನ್. ಒಂದೊಂದು ಬದಿಗೆ ಎರಡು–ಮೂರು ಎಂ.ಎಲ್. ನರ್ಸ್ ಬೇಕು, ಫ್ರಿಜ್ ಬೇಕು. ಮೂರು ವರ್ಷದ ಕೂಸಿನ ಸ್ನಾಯು ಎಷ್ಟಿರುತ್ತದೆ ಹೇಳಿ? ಸಣ್ಣ ಮಕ್ಕಳಿಗೆ ಪ್ಯಾಚ್ ಆದೀತಾ ಅನ್ನುವ ಮಾತು ಬರುವುದೇ ಇಲ್ಲಿಂದ.

ಪ್ಯಾಚ್ ಅಂದರೆ ಒಂದು ಸಣ್ಣ ಹಾಳೆ, ಅದರ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸೂಜಿಗಳ ಸಾಲು. ಚರ್ಮದ ಮೇಲ್ಪದರ 10ರಿಂದ 20 ಮೈಕ್ರಾನ್ ದಪ್ಪ ಇರುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಮದ್ದನ್ನು ಒಳಗೆ ಬಿಡದೆ ತಡೆಯುವುದು ಈ ಪದರವೇ. ಅದನ್ನು ದಾಟಿದರೆ ಸಾಕು. ಅರ್ಧ ಮಿಲಿಮೀಟರ್ ಆಸುಪಾಸಿನ ಸೂಜಿ ಅದನ್ನು ದಾಟುತ್ತದೆ, ನೋವು ಹೇಳುವ ನರಗಳು ಜಾಸ್ತಿ ಇರುವ ಆಳಕ್ಕೆ ಹೋಗುವುದಿಲ್ಲ. ಅದಕ್ಕೇ ನೋವಿನ ಲೆಕ್ಕ ಸುಲಭ ಅಂದಿದ್ದು. ಇದು ಹೊಸ ಯೋಚನೆಯೇನಲ್ಲ. 1976ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು. ಮಾಡಿ ತೋರಿಸುವ ತಂತ್ರ ಆಗ ಇರಲಿಲ್ಲ. 1998ರಲ್ಲಿ ಜಾರ್ಜಿಯಾ ಟೆಕ್‌ನ ಮಾರ್ಕ್ ಪ್ರಾಸ್ನಿಟ್ಜ್ ಮತ್ತು ಜೊತೆಗಾರರು ಸಿಲಿಕಾನಿನಲ್ಲಿ ಕೊರೆದು ತೋರಿಸಿದರು. ಎಚ್‌ಐವಿ ಮದ್ದಿನ ಪ್ಯಾಚಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡುತ್ತಿರುವುದು ಬೆಲ್‌ಫಾಸ್ಟಿನ ಕ್ವೀನ್ಸ್ ಯೂನಿವರ್ಸಿಟಿಯ ರಯಾನ್ ಡೊನೆಲ್ಲಿ ಅವರ ತಂಡ. ನಮ್ಮ ಕೈಪಿಡಿ ಅಂದರೆ ಅವರ ಪೇಪರ್‌ಗಳೇ.

ನಾನು ಆರಿಸಿಕೊಂಡಿದ್ದು ರಿಲ್ಪಿವಿರಿನ್. ಕಾರಣ ಸರಳ, ಅದು ಸಿಕ್ಕಿತು. ಕಲಬುರಗಿಯಿಂದ ಹೈದರಾಬಾದಿಗೆ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಇಳಿಯಬಹುದು. ಜಗತ್ತಿನ ಎಚ್‌ಐವಿ ಮದ್ದಿನಲ್ಲಿ ದೊಡ್ಡ ಪಾಲು ಅಲ್ಲಿಯ ಕಾರ್ಖಾನೆಗಳಲ್ಲೇ ತಯಾರಾಗುತ್ತದೆ. ಸರ್ ಅವರ ಹಳೇ ಶಿಷ್ಯರೊಬ್ಬರು ಕಂಪನಿಗೆ ಪತ್ರ ಬರೆಸಿ ಸ್ವಲ್ಪ ಪುಡಿ ಕೊಡಿಸಿದರು. ಬಿಳಿ ಪುಡಿ. ಬೆಳಕು ಬಿದ್ದರೆ ಕೆಡುತ್ತದೆ ಅಂತ ಡಬ್ಬಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ದರು. ನನ್ನ ಟೇಬಲ್ ಕಿಟಕಿ ಪಕ್ಕದ್ದು. ಕಲಬುರಗಿಯ ಬಿಸಿಲಿಗೆ ಕಿಟಕಿ ತೆರೆದಿಟ್ಟು ಕೆಲಸ ಮಾಡುವುದಂತೂ ಆಗದ ಮಾತು ಅಂತ ಕರ್ಟನ್ ಎಳೆದು, ಹಳದಿ ಬಲ್ಬಿನಲ್ಲಿ ಕೂತೆ.

ರಿಲ್ಪಿವಿರಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಗುಳಿಗೆ ಮಾಡುವವರಿಗೆ ಇದು ಶಾಪ. ನಮಗೆ ವರ. ಚರ್ಮದೊಳಗೆ ಬಿಟ್ಟ ಕಣ ನಿಧಾನಕ್ಕೆ ಕರಗಿದರೆ ತಾನೇ ವಾರಗಟ್ಟಲೆ ಬಾಳುವುದು? ಆದರೆ ಕಣ ಬಹಳ ಸಣ್ಣದಾಗಿರಬೇಕು, 200 ನ್ಯಾನೋಮೀಟರ್ ಸುಮಾರು. ಇದಕ್ಕೆ ಗಾಜಿನ ಸೀಸೆಯಲ್ಲಿ ನೀರು, ಪುಡಿ, ಕಣಗಳು ಒಂದಕ್ಕೊಂದು ಅಂಟದಂತೆ ಪೊಲೊಕ್ಸಾಮರ್, ಜೊತೆಗೆ ಜಿರ್ಕೋನಿಯಾ ಮಣಿಗಳನ್ನು ಹಾಕಿ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿರುಗಿಸುತ್ತಾ ಬಿಡಬೇಕು. ಮಣಿಗಳ ಮಧ್ಯೆ ಸಿಕ್ಕಿ ಕಣ ಪುಡಿಯಾಗುತ್ತದೆ. ರಾತ್ರಿಯಿಡೀ ತಿರುಗಬೇಕು. ನಮ್ಮಲ್ಲಿ ರಾತ್ರಿ ಕರೆಂಟ್ ಹೋಗುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಸ್ಟಿರರ್ ನಿಂತಿರುತ್ತದೆ, ಯಾವಾಗ ನಿಂತಿತು ಅಂತ ದೇವರಿಗೇ ಗೊತ್ತು. ಕೊನೆಗೆ ಕಂಪ್ಯೂಟರ್ ಲ್ಯಾಬಿನ ಯುಪಿಎಸ್‌ನಿಂದ ವೈರ್ ಎಳೆದೆವು. ಕಣದ ಗಾತ್ರ ಅಳೆಯುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಸ್ಯಾಂಪಲ್ ಹೊರಗೆ ಕಳಿಸಿ, ರಿಪೋರ್ಟ್ ಬರುವವರೆಗೆ ಕಾಯುವುದು.

ಇನ್ನು ಅಚ್ಚು. ಹೊರದೇಶದಿಂದ ತರಿಸಿದ ಸಿಲಿಕೋನ್ ಮೋಲ್ಡ್. ಬೆರಳಿನ ಉಗುರಿಗಿಂತ ತುಸು ದೊಡ್ಡ ಚೌಕದಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಗುಂಡಿ. ಮೊದಲು ಮದ್ದಿನ ಮಿಶ್ರಣವನ್ನು ಗುಂಡಿಗಳಿಗೆ ತುಂಬಿಸಬೇಕು. ಸುಮ್ನೆ ಸುರಿದರೆ ಇಳಿಯಲ್ಲ, ತುದಿಯಲ್ಲಿ ಗಾಳಿಗುಳ್ಳೆ ಕೂತಿರುತ್ತದೆ. ಸೆಂಟ್ರಿಫ್ಯೂಜಿನಲ್ಲಿ ಹಾಕಿ ಗಿರ್ರನೆ ತಿರುಗಿಸಿದರೆ ಗುಳ್ಳೆ ಮೇಲೆ ಬಂದು ಮದ್ದು ಕೆಳಗಿಳಿಯುತ್ತದೆ. ಮೇಲೆ ಉಳಿದಿದ್ದನ್ನು ಒರೆಸಿ ತೆಗೆಯಬೇಕು. ಮದ್ದು ತುದಿಯಲ್ಲೇ ಇರಬೇಕು ಅನ್ನುವುದು ಲೆಕ್ಕ, ಬುಡದಲ್ಲಿದ್ದರೆ ಚರ್ಮದ ಹೊರಗೇ ಉಳಿಯುತ್ತದೆ. ಆಮೇಲೆ ಮದ್ದಿಲ್ಲದ ಪಿವಿಪಿ, ಪಿವಿಎ (ನೀರಿನಲ್ಲಿ ಕರಗುವ ಪಾಲಿಮರ್‌ಗಳು) ದ್ರಾವಣವನ್ನು ಮೇಲೆ ಹೊಯ್ದು ಒಣಗಲು ಬಿಡುವುದು. ಒಣಗಿದ ಮೇಲೆ ಚಿಮಟಿಗೆಯಿಂದ ಒಂದು ಮೂಲೆ ಹಿಡಿದು, ಉಸಿರು ಬಿಗಿಹಿಡಿದು ಎಬ್ಬಿಸುವುದು. ಯುಎಸ್‌ಬಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ನೂರು ಪಿರಮಿಡ್ಡುಗಳು ಸಾಲಾಗಿ ನಿಂತಿರುತ್ತವೆ, ಅಥವಾ ತುದಿ ಮುರಿದ ಮೊಂಡು ಗುಡ್ಡೆಗಳು.

ಇಲ್ಲಿ ನಮ್ಮೂರಿನ ಹವೆ ಬಹಳ ಕಾಡಿತು. ಪೇಪರ್‌ಗಳಲ್ಲಿ "ರೂಮ್ ಟೆಂಪರೇಚರಿನಲ್ಲಿ ಒಣಗಿಸಿ" ಅಂತ ಬರೆದಿರುತ್ತಾರೆ. ಯಾರ ರೂಮು? ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ. ಗಾಳಿಯಲ್ಲಿ ಪಸೆಯೇ ಇಲ್ಲ. ಪ್ಯಾಚಿನ ಮೇಲ್ಭಾಗ ಬೇಗ ಒಣಗಿ, ಒಳಗೆ ಹಸಿ ಉಳಿದು, ಅಂಚುಗಳು ಹಪ್ಪಳದ ಹಾಗೆ ಮೇಲಕ್ಕೆ ಸುರುಳಿ ಸುತ್ತಿಕೊಂಡವು. ಸುರುಳಿ ಬಂದ ಪ್ಯಾಚ್ ಚರ್ಮದ ಮೇಲೆ ಸಮನಾಗಿ ಕೂರುವುದಿಲ್ಲ. ಸ್ವಲ್ಪ ಗ್ಲಿಸರಿನ್ ಸೇರಿಸಿದೆವು, ಮುಚ್ಚಳ ಅರ್ಧ ಮುಚ್ಚಿಟ್ಟು ನಿಧಾನಕ್ಕೆ ಒಣಗಿಸಿದೆವು. ಅಂತೂ ಹದಕ್ಕೆ ಬಂತು. ಅಷ್ಟರಲ್ಲಿ ಮಳೆ ಹಿಡಿಯಿತು. ಪಿವಿಪಿಗೆ ನೀರು ಅಂದರೆ ಪ್ರಾಣ, ಗಾಳಿಯಲ್ಲಿದ್ದ ಪಸೆಯನ್ನೆಲ್ಲ ಎಳೆದುಕೊಂಡಿತು. ಚೂಪಾಗಿ ನಿಲ್ಲಬೇಕಾದ ಸೂಜಿ ಮೆತ್ತಗಾಯಿತು. ಈಗ ಗ್ಲಿಸರಿನ್ ಕಡಿಮೆ ಮಾಡಬೇಕು, ಡೆಸಿಕೇಟರಿನಲ್ಲಿ (ಪಸೆ ಹೀರುವ ಮುಚ್ಚಿದ ಗಾಜಿನ ಪಾತ್ರೆ) ಸಿಲಿಕಾ ಜೆಲ್ ಮೇಲೆ ಇಡಬೇಕು. ಬೇಸಿಗೆಯ ರೆಸಿಪಿ ಬೇರೆ, ಮಳೆಗಾಲದ ರೆಸಿಪಿ ಬೇರೆ ಅಂತ ನೋಟ್‌ಬುಕ್ಕಿನಲ್ಲಿ ಎರಡು ಭಾಗ ಮಾಡಿಕೊಂಡೆ. ಥೀಸಿಸ್ಸಿನಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ನನಗೆ ಕೇಳಿದರೆ ಅದೇ ಒಂದು ಅಧ್ಯಾಯ ಆಗಬೇಕಿತ್ತು. ಯಾದಗಿರಿಯ ಹಳ್ಳಿಯ ಮನೆಯಲ್ಲಿ ಫ್ರಿಜ್ ಇಲ್ಲದೆ ಇಡುವ ಪ್ಯಾಚ್ ತಾನೇ ನಾವು ಮಾಡಬೇಕಾಗಿರುವುದು? ಅದರ ಲಕೋಟೆ ಗಾಳಿ ಆಡದಂತೆ ಬಿಗಿಯಾಗಿರದಿದ್ದರೆ ಒಳಗಿನ ವಿಜ್ಞಾನವೆಲ್ಲ ನೀರು.

ತೂರುತ್ತದೋ ಇಲ್ಲವೋ ನೋಡಲು ಒಂದು ಅಗ್ಗದ ಉಪಾಯ ಇದೆ. 2014ರಲ್ಲಿ ಬೆಲ್‌ಫಾಸ್ಟಿನವರೇ ತೋರಿಸಿಕೊಟ್ಟಿದ್ದು. ಲ್ಯಾಬಿನಲ್ಲಿ ಸೀಸೆ ಬಾಯಿಗೆ ಸುತ್ತುವ ಪ್ಯಾರಾಫಿಲ್ಮ್ ಅನ್ನು ಎಂಟು ಪದರ ಮಡಚಿ, ಮೇಲೆ ಪ್ಯಾಚ್ ಇಟ್ಟು ಒತ್ತಬೇಕು. ಆಮೇಲೆ ಪದರ ಬಿಚ್ಚಿ ಯಾವ ಪದರದವರೆಗೆ ಎಷ್ಟು ತೂತು ಬಿದ್ದಿವೆ ಅಂತ ಎಣಿಸುವುದು. ಒಂದು ಪದರ 126 ಮೈಕ್ರಾನ್ ಸುಮಾರು. ಬೆಳಕಿಗೆ ಹಿಡಿದು ತೂತು ಎಣಿಸುತ್ತಾ ಕೂತರೆ ಮಧ್ಯಾಹ್ನ ಹೋಗಿದ್ದೇ ತಿಳಿಯುವುದಿಲ್ಲ.

ಆಮೇಲೆ ನಿಜವಾದ ಚರ್ಮ. ಮನುಷ್ಯರ ಚರ್ಮಕ್ಕೆ ಹತ್ತಿರ ಬರುವುದು ಹಂದಿಯದು. ಕಸಾಯಿ ಅಂಗಡಿಯಲ್ಲಿ ಬಿಸಾಡುವ ಕಿವಿ ಸಾಕು, ಅದಕ್ಕಾಗಿ ಪ್ರಾಣಿ ಕೊಲ್ಲುವ ಮಾತಿಲ್ಲ. ಆದರೆ ಕಾಲೇಜಿಗೆ ಹಂದಿ ಕಿವಿ ತರುವುದು ಅಂದರೆ! ನಮ್ಮ ಅಟೆಂಡರ್ ಅಣ್ಣ ಪಾಪ, ಕರಿ ಕವರಿನಲ್ಲಿ ಸುತ್ತಿ ತಂದು, ದೂರದಿಂದಲೇ ಹಿಡಿದು, "ಮೇಡಂ, ಎಲ್ಲಿ ಬೇಕಾದ್ರೂ ಇಡ್ರಿ, ನಮ್ಮ ಬುತ್ತಿ ಇಡೋ ಫ್ರಿಜ್‌ನಾಗ ಮಾತ್ರ ಬ್ಯಾಡ್ರಿ" ಅಂದರು. ನಾನೂ ಶುದ್ಧ ರೊಟ್ಟಿ–ಪುಂಡಿಪಲ್ಯದ ಮನೆಯವಳು. ಕೂದಲು ತೆಗೆದು, ಪ್ಯಾಚ್ ಒತ್ತಿ, ಮೆಥಿಲೀನ್ ಬ್ಲೂ ಸವರಿ ಒರೆಸಿದೆ. ತೂತು ಬಿದ್ದಲ್ಲಿ ಮಾತ್ರ ನೀಲಿ ಉಳಿಯುತ್ತದೆ. ಹತ್ತು ಸಾಲು, ಸಾಲಿಗೆ ಹತ್ತು ನೀಲಿ ಚುಕ್ಕೆ. ನಡುವೆ ಒಂದೆರಡು ಕಡೆ ಖಾಲಿ. ಅದನ್ನು ನೋಡಿದಾಗ ಆದ ಖುಷಿಗೆ ಹಾಸ್ಟೆಲಿನಲ್ಲಿ ರೂಮ್‌ಮೇಟಿಗೆ ಫೋಟೋ ತೋರಿಸಿದೆ. ಏನಿದು ಅಂತ ಕೇಳಿ ತಿಳಿದುಕೊಂಡ ಮೇಲೆ ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಇಷ್ಟಾದ ಮೇಲೆ ನಿಜವಾದ ಕಷ್ಟಕ್ಕೆ ಬರುತ್ತೇನೆ. ಅದು ಪ್ರಮಾಣ. ನಮ್ಮ ಒಂದೊಂದು ಸೂಜಿ ಬುಡದಲ್ಲಿ 0.3 ಮಿಲಿಮೀಟರ್ ಚೌಕ, ಎತ್ತರ 0.6. ಗಾತ್ರ 0.018 ಘನ ಮಿಲಿಮೀಟರ್. ನೂರು ಸೂಜಿ ಸೇರಿಸಿದರೂ 1.8. ತೂಕದಲ್ಲಿ ಎರಡು ಮಿಲಿಗ್ರಾಂ ಆಸುಪಾಸು. ಅದರಲ್ಲಿ ಅರ್ಧ ಮದ್ದು ಹಿಡಿದರೂ ಸಿಗುವುದು ಒಂದು ಮಿಲಿಗ್ರಾಂ! ಲಸಿಕೆಯಾದರೆ ಇಷ್ಟು ಜಾಗ ಧಾರಾಳ ಸಾಕು. ಗ್ಯಾಂಬಿಯಾದಲ್ಲಿ ಪುಟ್ಟ ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆಯನ್ನು ಇಂಥ ಪ್ಯಾಚಿನಲ್ಲೇ ಕೊಟ್ಟ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು, ಚೆನ್ನಾಗಿಯೇ ಬಂತು. ಎಚ್‌ಐವಿ ಮದ್ದಿನ ಕಥೆ ಹಾಗಲ್ಲ. ದೊಡ್ಡವರ ತಿಂಗಳ ಇಂಜೆಕ್ಷನ್ನಿನಲ್ಲಿ ರಿಲ್ಪಿವಿರಿನ್ 600 ಮಿಲಿಗ್ರಾಂ ಇರುತ್ತದೆ. ಅಂದರೆ ವಾರಕ್ಕೆ 150. ನಮ್ಮ ಒಂದು ಪ್ಯಾಚ್ ಸುಮಾರು ಒಂದು ಚದರ ಸೆಂಟಿಮೀಟರ್ ಅಂತ ಹಿಡಿದರೆ 150 ಚದರ ಸೆಂಟಿಮೀಟರ್. ಹನ್ನೆರಡು ಸೆಂಟಿಮೀಟರಿಗೂ ತುಸು ಹೆಚ್ಚು ಉದ್ದ, ಅಷ್ಟೇ ಅಗಲದ ಪ್ಯಾಚ್ ಹಚ್ಚಿಕೊಂಡು ಓಡಾಡಬೇಕು.

ಈಗ 10 ಕಿಲೋ ತೂಕದ ಕೂಸಿನ ಲೆಕ್ಕ ಹಾಕಿ. ದೊಡ್ಡವರು 60 ಕಿಲೋ ಅಂತ ಹಿಡಿದರೆ ಅದರ ಆರನೇ ಒಂದು ಭಾಗ, 25 ಮಿಲಿಗ್ರಾಂ. ಐದು ಸೆಂಟಿಮೀಟರ್ ಉದ್ದ, ಐದು ಅಗಲದ ಪ್ಯಾಚ್. ಇದು ಕಾಗದದ ಮೇಲಿನ ಲೆಕ್ಕ ಅಷ್ಟೇ. ಮಕ್ಕಳ ದೇಹ ಮದ್ದನ್ನು ಕರಗಿಸುವ ರೀತಿ ಬೇರೆ, ತೂಕದ ಮೇಲೆ ಭಾಗಿಸಿದರೆ ಆಗಿಹೋಗುವುದಿಲ್ಲ. ಆದರೂ ಈ ಲೆಕ್ಕ ಹಾಕಿದ ದಿನ ನನಗೆ ವಿಷಯ ಹಿಡಿಯಿತು. ಪ್ಯಾಚ್ ಮೊದಲು ಆಗಬಹುದಾಗಿರುವುದು ಸಣ್ಣ ಮಕ್ಕಳಿಗೇ. ಸೂಜಿಯನ್ನು ಒತ್ತೊತ್ತಾಗಿ ಇಟ್ಟರೆ ಇನ್ನೂ ಸಣ್ಣದು ಮಾಡಬಹುದಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಬಹಳ ಒತ್ತಾದರೆ ಭಾರ ಎಲ್ಲದಕ್ಕೂ ಹಂಚಿಹೋಗಿ ಒಂದೂ ಸರಿಯಾಗಿ ತೂರುವುದಿಲ್ಲ. ಜೊತೆಗೆ ಒತ್ತುವ ಬಲವೂ ಏರಬೇಕು.

ಒತ್ತುವ ಬಲ! ಪೇಪರ್‌ಗಳಲ್ಲಿ ಹೆಬ್ಬೆರಳಿನ ಒತ್ತಡಕ್ಕೆ 32 ನ್ಯೂಟನ್ ಅಂತ ಹಿಡಿಯುತ್ತಾರೆ. ಸುಮಾರು 3.3 ಕಿಲೋ ಭಾರ ಇಟ್ಟ ಹಾಗೆ. ಯಾರ ಹೆಬ್ಬೆರಳು ಅಂತ ನನಗೆ ಅನುಮಾನ. ಕಿರಾಣಿ ಅಂಗಡಿಯಿಂದ ಸಣ್ಣ ಡಿಜಿಟಲ್ ತಕ್ಕಡಿ ಎರವಲು ತಂದು ಸಿಕ್ಕಸಿಕ್ಕವರ ಹತ್ತಿರ ಒತ್ತಿಸಿದೆ. ವಾಚ್‌ಮನ್ ಕಾಕಾ ಒತ್ತಿದ್ದಕ್ಕೆ ತಕ್ಕಡಿ ಎರರ್ ತೋರಿಸಿತು. ಸರ್ ಒತ್ತಿದ್ದು ಪೇಪರಿನ ಅಂಕಿಗೆ ಹತ್ತಿರ ಬಂತು, ಅವರಿಗೆ ಉತ್ತರ ಮೊದಲೇ ಗೊತ್ತಿತ್ತಲ್ಲ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ತಗೊಂಡು, ಮಕ್ಕಳಿಗೆ ಮದ್ದು ಕೊಡುವ ಮನೆಯವರ ಜೊತೆ ಮಾತಾಡಲು ಕೌನ್ಸೆಲರ್ ಅಕ್ಕ ದಾರಿ ಮಾಡಿಕೊಟ್ಟರು. ಒಪ್ಪಿದವರ ಹತ್ತಿರ ಮಾತ್ರ, ಹೆಸರು ಊರು ಏನೂ ಕೇಳದೆ. 2017ರ ಎಚ್‌ಐವಿ ಕಾಯ್ದೆ ಇದರಲ್ಲಿ ಬಹಳ ಕಟ್ಟುನಿಟ್ಟು, ಇರಲೇಬೇಕು ಕೂಡ. ಮದ್ದಿಲ್ಲದ ಖಾಲಿ ಪ್ಯಾಚ್ ಕೈಗೆ ಕೊಟ್ಟು ತೋರಿಸುತ್ತಿದ್ದೆ. ಯಾರ ಮೈಮೇಲೂ ಹಚ್ಚುವ ಹಾಗಿಲ್ಲ. ತಕ್ಕಡಿ ಮುಂದಿಟ್ಟು, ಕೂಸಿಗೆ ಹಚ್ಚುವ ಹಾಗೆ ಒತ್ತಿ ತೋರಿಸಿ ಅನ್ನುತ್ತಿದ್ದೆ.

ಒಬ್ಬ ಆಯಿ ಬಂದಿದ್ದರು. ಮೊಮ್ಮಗನನ್ನು ಸಾಕುತ್ತಿರುವವರು. ಗುಳಿಗೆಯ ಡಬ್ಬಿಯ ಚೀಟಿ ಕಿತ್ತು, ಗುಳಿಗೆಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಜೋಳದ ಡಬ್ಬದ ಹಿಂದೆ ಇಡುತ್ತೇನೆ ಅಂದರು. ಕೈ ನೋಡಿದರೆ ಹೊಲದಲ್ಲಿ ದುಡಿದ ಗಟ್ಟಿ ಕೈ, ಹೆಬ್ಬೆರಳು ಅಗಲ. ಒತ್ತಿದರೆ ತಕ್ಕಡಿ ಒಂದು ಕಿಲೋ ಕೂಡ ದಾಟಲಿಲ್ಲ.

"ಆಯಿ, ಇನ್ನೊಂದ್ ಸ್ವಲ್ಪ ಜೋರ್ ಒತ್ರಿ" ಅಂದೆ.

"ಒತ್ತಬಹುದವ್ವಾ. ತಕ್ಕಡಿ ಅಳಲ್ಲ, ಕೂಸು ಅಳ್ತದ" ಅಂದರು.

ಆಮೇಲೆ ಪ್ಯಾಚ್ ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ನೋವಿನ ಬಗ್ಗೆ ಅಲ್ಲ. "ಹಚ್ಚಿ ತೆಗದ್ ಮ್ಯಾಲ ಗುರ್ತು ಉಳೀತದೇನು?" ಚುಕ್ಕೆ ಚುಕ್ಕೆಯಾಗಿ ಸ್ವಲ್ಪ ಕೆಂಪಾಗುತ್ತದೆ, ಆಮೇಲೆ ಮಾಯುತ್ತದೆ ಅಂದೆ. "ಎಷ್ಟೊತ್ತು? ಅಂಗನವಾಡಿಗಿ ಹೋಗೋದ್ರಾಗ ಹೋಗ್ತದೇನು?" ನನ್ನ ಪ್ರಶ್ನಾವಳಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎರಡನೆಯದು, "ಮದ್ದು ಒಳಗ ಹೋತು ಅಂತ ನನಗ ಹ್ಯಾಂಗ ತಿಳೀಬೇಕು?" ಗುಳಿಗೆಯಾದರೆ ಬಾಯಿ ತೆರೆಸಿ ನೋಡಬಹುದು. ಪ್ಯಾಚಿನ ಸೂಜಿ ಕರಗಿತೋ, ಮೇಲೇ ಉಳಿಯಿತೋ ಕಣ್ಣಿಗೆ ಕಾಣುವುದಿಲ್ಲ. ಸಾಕಷ್ಟು ಒತ್ತಿದಾಗ ಟಕ್ ಅನ್ನುವ ಹಿಡಿಕೆ ಮಾಡುವ ಪ್ರಯತ್ನಗಳು ಹೊರಗೆ ನಡೆದಿವೆ ಅಂತ ಓದಿದ್ದೆ. ಓದುವಾಗ ಅದು ಅಲಂಕಾರದ ವಿಷಯ ಅನ್ನಿಸಿತ್ತು. ಈ ಮಾತಿನ ನಂತರ ಥೀಸಿಸ್ಸಿನ ಅರ್ಧ ಚರ್ಚೆ ಆ ಟಕ್ ಸದ್ದಿನ ಮೇಲೆಯೇ ಬರೆದೆ.

ಎಲ್ಲರಿಗಿಂತ ಖಾರವಾಗಿ ಪ್ರಶ್ನೆ ಕೇಳಿದವರು ಎಆರ್‌ಟಿ ವೈದ್ಯರು. ನಮ್ಮಲ್ಲಿ ತಾಯಿಗೆ ಸೋಂಕಿದ್ದರೆ ಹುಟ್ಟಿದ ಕೂಸಿಗೆ ಸಾಮಾನ್ಯವಾಗಿ ಕನಿಷ್ಠ ಆರು ವಾರ ನೆವಿರಪಿನ್ ಸಿರಪ್ ಕೊಡುವುದು ರೂಢಿ. ಬಹುಪಾಲು ಮಕ್ಕಳು ಅದರಿಂದ ಪಾರಾಗುತ್ತಾರೆ. ಆದರೂ ಸೋಂಕು ತಗುಲಿದ ಕೆಲವರಲ್ಲಿ ನೆವಿರಪಿನ್‌ಗೆ ಬಗ್ಗದ ವೈರಸ್ ಇರಬಹುದು. ರಿಲ್ಪಿವಿರಿನ್ ಅದೇ ಗುಂಪಿನ ಮದ್ದು. "ಹಾಗಾದ್ರೆ ನಿಮ್ಮ ಪ್ಯಾಚ್ ಯಾರಿಗೆ ಕೆಲಸ ಮಾಡ್ತದೆ, ಯಾರಿಗೆ ಇಲ್ಲ ಅಂತ ನೋಡೋದು ಹೇಗೆ?" ಅಂದರು. ಇನ್ನೊಂದು, ಚಿಕಿತ್ಸೆಗೆ ಒಂದೇ ಮದ್ದು ಯಾವತ್ತೂ ಸಾಲದು, ಜೊತೆಗೆ ಇನ್ನೊಂದು ಬೇಕು. ಅಂದರೆ ಕ್ಯಾಬೊಟೆಗ್ರಾವಿರ್ ಪ್ಯಾಚ್ ಬೇರೆ. ಐದು ಇಂಟು ಐದು ಇದ್ದದ್ದು ಎರಡು ಪ್ಯಾಚ್ ಆಯಿತು. ಮೂರನೆಯದು, ಕರಗಿ ಒಳಗೆ ಹೋದ ಮದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಕೂಸಿಗೆ ಒಗ್ಗದಿದ್ದರೆ? ಮನೆಯವರು ಹಚ್ಚುವುದು ನಿಲ್ಲಿಸಿಬಿಟ್ಟರೆ? ಮದ್ದು ಸ್ವಲ್ಪ ಸ್ವಲ್ಪವೇ ರಕ್ತದಲ್ಲಿ ಉಳಿದು, ವೈರಸ್ಸನ್ನು ಪೂರ್ತಿ ತಡೆಯಲಾರದೆ, ಮದ್ದಿಗೆ ಬಗ್ಗದಿರುವುದನ್ನು ಅದಕ್ಕೆ ಕಲಿಸಿಕೊಡುತ್ತದೆ. ವಾರದ ಪ್ಯಾಚಿಗಿಂತ ತಿಂಗಳ ಪ್ಯಾಚ್ ಒಳ್ಳೆಯದು ಅಂತ ನಾನು ಸಲೀಸಾಗಿ ಬರೆದಿದ್ದ ಸಾಲಿನ ಕೆಳಗೆ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅವರು ಕೇಳಿದ್ದನ್ನೆಲ್ಲ "ಮಿತಿಗಳು" ಅನ್ನುವ ಭಾಗದಲ್ಲಿ ಹಾಗೇ ಹಾಕಿದೆ. ಥೀಸಿಸ್ಸಿನಲ್ಲಿ ನನಗೆ ಈಗಲೂ ಇಷ್ಟವಾಗುವ ಭಾಗ ಅದೇ.

ಫ್ರಾಂಜ್ ಸೆಲ್ಲಿನಲ್ಲಿ (ಚರ್ಮ ದಾಟಿ ಮದ್ದು ಇಳಿಯುವುದನ್ನು ನೋಡುವ ಗಾಜಿನ ಉಪಕರಣ) ಹಂದಿ ಚರ್ಮ ಕೂರಿಸಿ, ಎಷ್ಟು ಮದ್ದು ಚರ್ಮದಲ್ಲಿ ನಿಂತಿತು, ಎಷ್ಟು ಕೆಳಗೆ ಇಳಿಯಿತು ಅಂತ ಎಚ್‌ಪಿಎಲ್‌ಸಿ ಅನ್ನುವ, ಮದ್ದಿನ ಪ್ರಮಾಣ ಅಳೆಯುವ ಯಂತ್ರದಲ್ಲಿ ಅಳೆದಿದ್ದು, ಗ್ರಾಫ್ ಹಾಕಿದ್ದು, ಬೈಂಡಿಂಗ್ ಮಾಡಿಸಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು ಎಲ್ಲರ ಥೀಸಿಸ್ಸಿನ ಹಾಗೇ. ಬಹಳಷ್ಟು ಮದ್ದು ಚರ್ಮದಲ್ಲೇ ನಿಂತಿತು, ಬೇಕಾಗಿದ್ದೂ ಅದೇ. ಇಲಿಗಳ ಮೇಲಿನ ಪ್ರಯೋಗದವರೆಗೆ ನಾವು ಹೋಗಲಿಲ್ಲ. ಹೊರದೇಶದ ತಂಡಗಳು ಅದನ್ನು ದಾಟಿ ಮುಂದಿವೆ. ಆದರೆ ಎಚ್‌ಐವಿ ಮದ್ದಿನ ಪ್ಯಾಚ್ ಇನ್ನೂ ಪರೀಕ್ಷೆಯಲ್ಲೇ ಇದೆ, ಆಸ್ಪತ್ರೆಗೆ ಬಂದಿಲ್ಲ. ಇದನ್ನು ಓದಿದವರು ಯಾರೂ ಮಗುವಿನ ಗುಳಿಗೆ ನಿಲ್ಲಿಸಿ ಕಾಯುತ್ತಾ ಕೂರಬೇಡಿ. ಮದ್ದಿನ ಬಗ್ಗೆ ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಿ, ಪುಕ್ಕಟೆ.

ಈಗ ನಾನು ಬೀದರಿನ ಒಂದು ಗುಳಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೋಲ್ಡುಗಳನ್ನು ಜೂನಿಯರ್ ಹುಡುಗನಿಗೆ ಕೊಟ್ಟು ಬಂದೆ. ಬಳಸಿ ಬಳಸಿ ಕೆಲವು ಗುಂಡಿಗಳ ತುದಿ ಸವೆದಿದೆ, ಹೊಸದು ತರಿಸಲು ದುಡ್ಡಿಗೆ ಅರ್ಜಿ ಹಾಕಿದ್ದಾರೆ. ಅವನು ಮದ್ದಿನ ಗೊಡವೆಗೆ ಹೋಗಿಲ್ಲ. ಒಂದು ಕಿಲೋ ಒತ್ತಡಕ್ಕೇ ತೂರುವ ಹಾಗೆ ಸೂಜಿಯ ಆಕಾರ ಬದಲಿಸಲು ಆಗುತ್ತದಾ ಅಂತ ನೋಡುತ್ತಿದ್ದಾನೆ. ಹೋದ ವಾರ ಫೋನ್ ಮಾಡಿ, "ಅಕ್ಕಾ, ಮಳೆಗಾಲದ ರೆಸಿಪಿಯಲ್ಲಿ ಗ್ಲಿಸರಿನ್ ಎಷ್ಟು ಹಾಕಿದ್ರಿ?" ಅಂತ ಕೇಳಿದ. ನೋಟ್‌ಬುಕ್ಕಿನ ಫೋಟೋ ಕಳಿಸಿದೆ.